ತೆರೆಯ ಮೇಲಿನ ಮಾನ: ಕ್ಯಾಟೆಕಿಸಂ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ನಾನು ದೊಡ್ಡ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮೋಪದೇಶದ ಪಾಠ ಮಾಡುತ್ತೇನೆ. ಒಂಬತ್ತನೇ, ಹತ್ತನೇ ಕ್ಲಾಸಿನವರು. ಹತ್ತು ಆಜ್ಞೆಗಳಲ್ಲಿ ಆರನೆಯದು, 'ವ್ಯಭಿಚಾರ ಮಾಡಬೇಡ' ಅನ್ನುವುದು ಬಂತು ಅಂದರೆ ಮಾತು ತಾನಾಗಿ ಸಿನಿಮಾ, ರೀಲ್ಸ್, ಡಾನ್ಸ್ ಶೋ ಕಡೆ ಹೊರಳುತ್ತದೆ. ಪಾಠ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಅಪ್ಪ ಅಮ್ಮಂದಿರು ಹಿಡಿದುಕೊಳ್ಳುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಕಥೋಲಿಕಳು, ಹಾಗಾಗಿ ಉತ್ತರಗಳಲ್ಲಿ ಆ ವಾಸನೆ ಇರುತ್ತದೆ. ಸಿನಿಮಾ ಹುಚ್ಚಿಯೂ ಹೌದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಎಷ್ಟು ಬಟ್ಟೆ ಹಾಕಿದರೆ ಸಾಕು, ಮಿಸ್?

ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಇದನ್ನು ಕೇಳುತ್ತಾನೆ. ಉಳಿದವರು ಕಿಸಕ್ಕನೆ ನಗುತ್ತಾರೆ. ನಾನು ಸ್ಕೇಲ್ ತೆಗೆಯುತ್ತೇನೆ ಅಂತ ಅವರ ಎಣಿಕೆ.

ಬೈಬಲಿನಲ್ಲಿ ಇಂಚಿನ ಲೆಕ್ಕ ಇಲ್ಲ. ಮರ್ಯಾದೆಯ ಉಡುಪು ಒಂದೊಂದು ನಾಡಿನಲ್ಲಿ ಒಂದೊಂದು ಥರ ಇರುತ್ತದೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಒಪ್ಪುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಅದೇ ಗದ್ದೆಯ ಕೆಸರಿನಲ್ಲಿ ನಾಯಕಿಯನ್ನು ಬೀಳಿಸಿ, ಕ್ಯಾಮೆರಾವನ್ನು ನೆಲಕ್ಕೆ ಒತ್ತಿ ಹಿಡಿದರೆ ಎಲ್ಲರಿಗೂ ಅನಿಸುತ್ತದೆ. ಬಟ್ಟೆ ಅಷ್ಟೇ ಇದೆ, ಸೀರೆಯೂ ಅದೇ ಇರಬಹುದು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದ ಇದೆ: ಮಾನ. 'ಮಾನ ಮುಚ್ಚೋಕೆ ಒಂದು ಬಟ್ಟೆ' ಅನ್ನುತ್ತೇವೆ. 'ನಾಲ್ಕು ಜನರ ಮುಂದೆ ಮಾನ ಕಳೆದ' ಅಂತಲೂ ಅನ್ನುತ್ತೇವೆ. ಮೈಯ ಮರೆಗೂ ಮನುಷ್ಯನ ಬೆಲೆಗೂ ಒಂದೇ ಮಾತು. ದೇವರು ಮನುಷ್ಯರನ್ನು ತನ್ನ ಹೋಲಿಕೆಯಲ್ಲಿ ಉಂಟುಮಾಡಿದನು ಎಂಬ ಆದಿಕಾಂಡದ ಮಾತನ್ನು ಮಕ್ಕಳಿಗೆ ಹೇಳಿಕೊಡುವಾಗ ನನಗೆ ಈ ಪದ ಬಹಳ ಕೆಲಸಕ್ಕೆ ಬರುತ್ತದೆ. ಆದಾಮ, ಹವ್ವ ತಪ್ಪು ಮಾಡಿ ಎಲೆ ಹೊಲಿದುಕೊಂಡು ಅವಿತು ಕೂತಾಗ ದೇವರು ಬೈದ, ಶಿಕ್ಷೆ ಕೊಟ್ಟ. ಆದರೆ ಹೊರಗೆ ಕಳಿಸುವ ಮೊದಲು ಚರ್ಮದ ಅಂಗಿ ಮಾಡಿ ತಾನೇ ತೊಡಿಸಿದ. ನಮ್ಮ ಧರ್ಮಗ್ರಂಥದಲ್ಲಿ ಟೈಲರ್ ಕೆಲಸ ಚೆನ್ನಾಗಿ ಮಾಡಿದ ಮೊದಲಿಗ ದೇವರೇ ಅಲ್ವಾ? ತಪ್ಪು ಮಾಡಿದವರ ಮಾನವನ್ನೂ ಆತ ಬಿಟ್ಟುಕೊಡಲಿಲ್ಲ.

ಸಂತ ಪೌಲರು ಹೆಂಗಸರ ಉಡುಪಿನ ಬಗ್ಗೆ ಬರೆದಿದ್ದಾರಲ್ಲ?

ಬರೆದಿದ್ದಾರೆ. ತಿಮೊಥೆಯನಿಗೆ ಬರೆದ ಮೊದಲ ಪತ್ರ, ಎರಡನೇ ಅಧ್ಯಾಯ. ತೆಗೆದು ಓದಿ. ಅಲ್ಲಿ ಅವರು ಬೇಡ ಅನ್ನುವುದು ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ, ಜಡೆಯ ಸಿಂಗಾರ. ಸೊಂಟ, ಮೊಣಕಾಲಿನ ಮಾತೇ ಇಲ್ಲ. ಕೂಟದಲ್ಲಿ ಪಕ್ಕ ಕೂತ ಬಡವಳ ಕಣ್ಣು ಕುಕ್ಕುವ ಡಂಭ ಅವರ ತಲೆಯಲ್ಲಿತ್ತು ಅನಿಸುತ್ತದೆ. ಈ ವಚನವನ್ನು ಹುಡುಗಿಯರ ಮೇಲೆ ಎಸೆಯುವವರು ಒಮ್ಮೆ ನಮ್ಮ ಮದುವೆ ವಿಡಿಯೊಗಳನ್ನು ನೋಡಬೇಕು. ಮೇಲೆ ಡ್ರೋನ್, ಕೆಳಗೆ ಹೊಗೆ ಮಶೀನು, ನಡುವೆ ಅರ್ಧ ಕಿಲೋ ಬಂಗಾರ. ಅದರ ಬಗ್ಗೆ ಗೇಟಿನ ಹತ್ತಿರ ಯಾರೂ ನನ್ನನ್ನು ಹಿಡಿದು ಕೇಳಿಲ್ಲ.

ತಪ್ಪು ತೋರಿಸಿದವರದೋ, ನೋಡಿದವರದೋ?

ಯೇಸು ಇದರಲ್ಲಿ ಗೊಂದಲ ಇಟ್ಟಿಲ್ಲ. ಹೆಣ್ಣನ್ನು ಕಾಮದ ಕಣ್ಣಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ ಅನ್ನುತ್ತಾನೆ, ಮತ್ತಾಯ 5:28. ಕಣ್ಣಿನ ಜವಾಬ್ದಾರಿ ಕಣ್ಣಿಟ್ಟವನದು. ಅವಳು ಏನು ಉಟ್ಟಿದ್ದಳು ಎಂಬ ಪ್ರಶ್ನೆ ಆ ಮಾತಿನಲ್ಲಿ ಎಲ್ಲೂ ಬರುವುದಿಲ್ಲ.

ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ ಗ್ರಂಥಕ್ಕೆ ಹದಿಮೂರನೇ ಅಧ್ಯಾಯ ಒಂದಿದೆ, ಸುಸನ್ನಳ ಕತೆ. ಅವಳು ತನ್ನ ತೋಟದಲ್ಲಿ, ಬಾಗಿಲು ಹಾಕಿಸಿಕೊಂಡು ಸ್ನಾನಕ್ಕೆ ಇಳಿಯುತ್ತಾಳೆ. ಊರಿನ ಇಬ್ಬರು ಹಿರಿಯರು ಗಿಡದ ಮರೆಯಲ್ಲಿ ಕೂತು ನೋಡುತ್ತಾರೆ. ನಮಗೆ ಒಪ್ಪಿಕೋ, ಇಲ್ಲದಿದ್ದರೆ ನಿನ್ನ ಮೇಲೆ ಹಾದರದ ಆರೋಪ ಹೊರಿಸುತ್ತೇವೆ ಎಂದು ಬೆದರಿಸುತ್ತಾರೆ. ಅವಳು ಕೂಗಿಕೊಳ್ಳುತ್ತಾಳೆ. ವಿಚಾರಣೆಗೆ ಬಂದಾಗ ಅವಳ ಮುಸುಕು ತೆಗೆಸಿ ಇನ್ನೊಮ್ಮೆ ಕಣ್ತುಂಬ ನೋಡುತ್ತಾರೆ. ಆ ಒಂದು ಸಾಲು ಓದುವಾಗ ನನಗೆ ಪ್ರತಿ ಸಲ ಮೈ ಉರಿಯುತ್ತದೆ.

2023ರ ನವೆಂಬರಿನಲ್ಲಿ ಕೊಡಗಿನ ಮೂಲದ ಹೆಸರಾಂತ ನಟಿಯೊಬ್ಬರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿ ಹರಿಬಿಟ್ಟರು. ಮುಖದವರಿಗೂ ಮೈಯವರಿಗೂ ಯಾರೂ ಒಪ್ಪಿಗೆ ಕೇಳಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದು ಒಳಗೆ ಬರುವ ಒಂದು ಹೆಣ್ಣು, ಅಷ್ಟೇ. ನಮ್ಮ ಕ್ಲಾಸಿನ ಮಕ್ಕಳ ಗ್ರೂಪಿಗೂ ಅದು ಬಂತು. ಯಾರು ಕಳಿಸಿದ್ದು ಅಂತ ನಾನು ಕೇಳಲಿಲ್ಲ. ನೋಹನ ಮಕ್ಕಳ ಕತೆ ಹೇಳಿದೆ. ನೋಹ ಕುಡಿದು ಡೇರೆಯಲ್ಲಿ ಬೆತ್ತಲೆ ಬಿದ್ದಿದ್ದಾನೆ. ಒಬ್ಬ ಮಗ ನೋಡಿ ಹೊರಗೆ ಬಂದು ಸುದ್ದಿ ಹೇಳುತ್ತಾನೆ, ಅಂದರೆ ಫಾರ್ವರ್ಡ್ ಮಾಡುತ್ತಾನೆ. ಶೇಮ್, ಯೆಫೆತ್ ಇಬ್ಬರೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಮ್ಮುಖವಾಗಿ ನಡೆದು ಹೋಗಿ ಅಪ್ಪನಿಗೆ ಹೊದಿಸುತ್ತಾರೆ. ಮುಖ ತಿರುಗಿಸಿಕೊಂಡೇ. ಹಿಮ್ಮುಖವಾಗಿ ನಡೆಯೋದು ಅಂದರೇನು ಅಂತ ಇಬ್ಬರು ಹುಡುಗರು ಎದ್ದು ಬೆಂಚುಗಳ ನಡುವೆ ನಡೆದು ತೋರಿಸಿದರು. ಒಬ್ಬ ಡೆಸ್ಕಿಗೆ ಎಡವಿ ಬಿದ್ದ. ಆ ಭಾನುವಾರ ನಾನು ಮಾಡಿದ ಪಾಠ ಇಷ್ಟೇ.

ಒಂದು ದೃಶ್ಯ ಸರಿಯಿಲ್ಲ ಅಂತ ಗುರುತಿಸುವುದು ಹೇಗೆ?

ನಾನು ಮಕ್ಕಳಿಗೆ ಹೇಳಿಕೊಟ್ಟಿರುವುದು ಒಂದು ಸಣ್ಣ ಉಪಾಯ. ಹಾಡು ಬಂದಾಗ ಸೌಂಡ್ ಆಫ್ ಮಾಡಿ. ತಾಳ ಇಲ್ಲದೆ ನೋಡಿ. ಕ್ಯಾಮೆರಾ ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ ಗಮನಿಸಿ. ಮುಖದ ಮೇಲೋ, ಕತ್ತಿನ ಕೆಳಗೋ? ಐಟಂ ಹಾಡುಗಳಲ್ಲಿ ಎಷ್ಟೋ ಶಾಟುಗಳಿಗೆ ತಲೆಯೇ ಇರುವುದಿಲ್ಲ. ಸೊಂಟ ಬರುತ್ತದೆ, ಬೆನ್ನು ಬರುತ್ತದೆ, ಕಾಲು ಬರುತ್ತದೆ. ಅದು ಯಾರದು ಅಂತ ಗೊತ್ತಾಗುವುದಿಲ್ಲ, ಗೊತ್ತಾಗುವ ಅಗತ್ಯವೂ ಅವರಿಗಿಲ್ಲ. 'ಐಟಂ' ಅನ್ನುವ ಪದವೇ ಎಲ್ಲ ಹೇಳುತ್ತದೆ ನೋಡಿ. ಅಂಗಡಿಯ ಬಿಲ್ಲಿನಲ್ಲಿ ಇರಬೇಕಾದ ಪದ ಅದು.

ಒಬ್ಬ ತಾಯಿ ಮಗುವಿಗೆ ಹಾಲುಣಿಸುವ ದೃಶ್ಯ, ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸುವ ದೃಶ್ಯ, ಗಂಡ ಹೆಂಡತಿ ಒಬ್ಬರಿಗೊಬ್ಬರು ಆತು ಮಲಗಿದ ದೃಶ್ಯ, ಇವುಗಳಲ್ಲಿ ಮೈ ಕಾಣಬಹುದು. ಆದರೂ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನಿಗೊಂದು ಕತೆ ಇದೆ. ನನ್ನ ಲೆಕ್ಕದಲ್ಲಿ ಅದು ಮಾನವಂತ ದೃಶ್ಯ.

ಚರ್ಚುಗಳಲ್ಲೇ ಬೆತ್ತಲೆ ಚಿತ್ರಗಳಿವೆಯಲ್ಲ?

ಇವೆ. ಅದರಲ್ಲೂ ಜಗದ್ಗುರುಗಳ, ಅಂದರೆ ಪೋಪರ ಸ್ವಂತ ಪ್ರಾರ್ಥನಾಲಯದಲ್ಲಿ! ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲಿನ ಗೋಡೆಗೆ ಮೈಕೆಲೇಂಜಲೊ 'ಅಂತಿಮ ತೀರ್ಪು' ಚಿತ್ರ ಬರೆದು ಮುಗಿಸಿದ್ದು 1541ರಲ್ಲಿ. ಸಂತರೂ ಪಾಪಿಗಳೂ ಬಹುಪಾಲು ಬೆತ್ತಲೆ. ಆಗಲೇ ಗಲಾಟೆ ಆಯಿತು. ಮೈಕೆಲೇಂಜಲೊ ಸತ್ತ ಮೇಲೆ ಅವನ ಶಿಷ್ಯಬಳಗದ ದಾನಿಯೆಲೆ ದಾ ವೊಲ್ತೆರಾ ಎಂಬವನಿಗೆ ಬಟ್ಟೆ ಬಳಿಯುವ ಕೆಲಸ ಬಿತ್ತು. ಪಾಪ, ಒಳ್ಳೆಯ ಕಲಾವಿದ. ಜನ ಅವನಿಗೆ 'ಚಡ್ಡಿ ತೊಡಿಸುವವ' ಎಂಬ ಅರ್ಥದ ಅಡ್ಡಹೆಸರು ಇಟ್ಟುಬಿಟ್ಟರು. ಇವತ್ತಿಗೂ ಅದೇ ಹೆಸರು.

ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಚಿತ್ರವನ್ನು ತೊಳೆದು ಸರಿಮಾಡಿದಾಗ ಹೀಗೆ ಸೇರಿಸಿದ ಬಟ್ಟೆಗಳಲ್ಲಿ ಕೆಲವನ್ನು ತೆಗೆದರು, ಕೆಲವನ್ನು ಬಿಟ್ಟರು. 1994ರ ಏಪ್ರಿಲಿನಲ್ಲಿ ಅಲ್ಲಿ ಪೂಜೆ ಅರ್ಪಿಸಿದ ಆಗಿನ ಪೋಪ್ ಎರಡನೇ ಜಾನ್ ಪಾಲ್, ಈ ಜಾಗ ಮಾನವ ದೇಹದ ದೈವಶಾಸ್ತ್ರದ ಗರ್ಭಗುಡಿ ಎಂಬರ್ಥದ ಮಾತು ಹೇಳಿದರು. ಸುಮ್ನೆ ಹೇಳಿದ ಮಾತಲ್ಲ. 1979ರಿಂದ 1984ರವರೆಗೆ ತಮ್ಮ ಬುಧವಾರದ ಸಭೆಗಳಲ್ಲಿ ಅವರು ನೂರಕ್ಕೂ ಹೆಚ್ಚು ಭಾಷಣಗಳನ್ನು ಮನುಷ್ಯ ದೇಹದ ಬಗ್ಗೆಯೇ ಕೊಟ್ಟಿದ್ದರು. ಹರೆಯದಲ್ಲಿ ನಾಜಿಗಳ ಕಾಲದ ಕ್ರಾಕೌನಲ್ಲಿ ಕದ್ದುಮುಚ್ಚಿ ನಾಟಕ ಆಡುತ್ತಿದ್ದವರು ಅವರು. ರಂಗದ ಮೇಲೆ ನಿಂತವನ ಮೈ ಎಷ್ಟು ಜನರ ಕಣ್ಣಿಗೆ ಸಿಕ್ಕಿಕೊಂಡಿರುತ್ತದೆ ಎಂದು ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಮಕ್ಕಳು ಸಿನಿಮಾ ಹಾಡಿಗೆ ಕುಣಿದರೆ ಏನು ತಪ್ಪು? ಅವರಿಗೆ ಅರ್ಥವೇ ಆಗುವುದಿಲ್ಲವಲ್ಲ?

ಇದಕ್ಕೆ ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ನಾನು ಮೊದಲು ಇದ್ದ ಒಂದು ಧರ್ಮಕೇಂದ್ರದ ಪಾಲಕ ಸಂತರ ಹಬ್ಬ. ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಏಳು ವರ್ಷದ ಹುಡುಗಿ, ಕೆಂಪು ಲಂಗ, ತುಟಿಗೆ ದೊಡ್ಡವರ ಲಿಪ್‌ಸ್ಟಿಕ್. ಹಾಡು ಯಾವುದೋ ಹೋಟೆಲ್ ಬಾರಿನ ದೃಶ್ಯದ್ದು. ಮುಂದಿನ ಸಾಲಿನಲ್ಲಿ ಕೂತ ತಾಯಿ ಕೈಯಲ್ಲೇ ಸ್ಟೆಪ್ಪು ತೋರಿಸುತ್ತಿದ್ದರು. ಮಗು ಅಮ್ಮನನ್ನೇ ನೋಡುತ್ತ ಸೊಂಟ ಕುಣಿಸಿತು. ಹಿಂದಿನಿಂದ ಶಿಳ್ಳೆ ಬಂತು. ಆಗ ಮಗು ಗಾಬರಿಯಾಗಿ ಒಂದು ಕ್ಷಣ ನಿಂತಿತು, ಅಮ್ಮ 'ಕಂಟಿನ್ಯೂ, ಕಂಟಿನ್ಯೂ' ಅಂದರು. ಫಾದರ್ ಕೈಗಡಿಯಾರ ನೋಡಿಕೊಂಡರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಎರಡನೇ ಬಹುಮಾನ, ಸ್ಟೀಲ್ ಟಿಫಿನ್ ಕ್ಯಾರಿಯರ್.

ಆ ಮೇಲೆ ಮನೆಗೆ ಬಂದು ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯ ತೆಗೆದೆ. ಹೆರೋದನ ಹುಟ್ಟುಹಬ್ಬದ ಊಟ, ಹೆರೋದ್ಯಳ ಮಗಳ ಕುಣಿತ. ಚಿತ್ರಕಾರರು ಅವಳನ್ನು ಮೋಹಿನಿ ಮಾಡಿಬಿಟ್ಟಿದ್ದಾರೆ. ಮಾರ್ಕ ಮೂಲ ಗ್ರೀಕಿನಲ್ಲಿ ಅವಳಿಗೆ ಬಳಸುವ ಪದ 'ಪುಟ್ಟ ಹುಡುಗಿ' ಎನ್ನುವಂಥದು. ಒಂದು ಅಧ್ಯಾಯ ಹಿಂದೆ ಯೇಸು ಬದುಕಿಸಿದ ಹನ್ನೆರಡು ವರ್ಷದ ಮಗುವಿಗೂ ಅದೇ ಪದ. ಕುಣಿತಕ್ಕೆ ಮೆಚ್ಚಿದ ಹೆರೋದ ಕೇಳಿದ್ದು ಕೊಡುತ್ತೇನೆ ಅಂದಾಗ ಅವಳು ಅಮ್ಮನ ಹತ್ತಿರ ಓಡಿ ಹೋಗಿ 'ಏನು ಕೇಳಲಿ' ಅನ್ನುತ್ತಾಳೆ. ಅವಳಿಗೆ ತನಗೆ ಬೇಕಾದ್ದೂ ಗೊತ್ತಿಲ್ಲ. ಸುತ್ತ ಕೂತು ಮೆಚ್ಚಿದವರು ಅಧಿಕಾರಿಗಳು, ಸೇನಾಪತಿಗಳು, ಊರ ದೊಡ್ಡವರು. ಅಮ್ಮ ಕೇಳಿಸಿದ್ದು ಸ್ನಾನಿಕ ಯೊವಾನ್ನನ ತಲೆ. ಕೊನೆಗೆ ಅದರ ಹರಿವಾಣ ಹೊತ್ತದ್ದು ಮಗು.

ಅರ್ಥ ಆಗುವುದಿಲ್ಲ ಅನ್ನುವುದೇ ನನ್ನ ತಕರಾರು. ಮಗುವಿಗೆ ಅರ್ಥ ಆಗುವುದಿಲ್ಲ, ನೋಡುವವರಿಗೆ ಆಗುತ್ತದೆ. 2019ರ ಜೂನ್ ತಿಂಗಳಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ಟಿವಿ ಚಾನೆಲ್‌ಗಳಿಗೆ ಸಲಹೆ ಕಳಿಸಿತು. ದೊಡ್ಡವರಿಗಾಗಿ ಮಾಡಿದ ಸಿನಿಮಾ ನೃತ್ಯಗಳನ್ನು ಡಾನ್ಸ್ ಶೋಗಳಲ್ಲಿ ಮಕ್ಕಳಿಂದ ಮಾಡಿಸುತ್ತಿದ್ದೀರಿ, ಅದು ವಯಸ್ಸಿಗೆ ತಕ್ಕದ್ದಲ್ಲ, ಸಂಯಮ ಇರಲಿ ಎಂದು. ಸರ್ಕಾರಕ್ಕೆ ಕಂಡದ್ದು ನಮ್ಮ ಹಬ್ಬದ ಪೆಂಡಾಲಿಗೆ ಕಾಣಲಿಲ್ಲ.

ಇದೆಲ್ಲ ಬರೀ ಹೆಣ್ಣು, ಬಟ್ಟೆಯ ವಿಷಯವೇ?

ಅಲ್ಲ. ಕಾಮಿಡಿ ಶೋ ನೋಡಿ. ದಪ್ಪಗಿರುವವರು ನಡೆದರೆ ಹಿನ್ನೆಲೆಯಲ್ಲಿ ಆನೆ ಘೀಳಿಡುವ ಸದ್ದು. ತೊದಲುವವನು ಬಂದರೆ ನಗು. ಕಪ್ಪಗಿರುವವನ ಮೇಲೆ ಪೌಡರ್ ಜೋಕು. ಗಂಡಸಿಗೆ ಸೀರೆ ಉಡಿಸಿ ಎದೆಗೆ ತೆಂಗಿನಚಿಪ್ಪು. ಎಲ್ಲರೂ ಮೈತುಂಬ ಬಟ್ಟೆ ಉಟ್ಟಿರುತ್ತಾರೆ, ಯಾರ ಮಾನವೂ ಉಳಿದಿರುವುದಿಲ್ಲ. ರಿಯಾಲಿಟಿ ಶೋನಲ್ಲಿ ಒಬ್ಬರು ಅತ್ತಾಗ ಕ್ಯಾಮೆರಾ ಕಣ್ಣೀರಿನ ಹತ್ತಿರ ಹತ್ತಿರ ಹೋಗುತ್ತದಲ್ಲ, ಅದೂ ಒಂದು ಥರದ ಬೆತ್ತಲೆ ಮಾಡುವುದೇ.

ಹೊಡೆದಾಟದ ಬಗ್ಗೆ ಸಂತ ಅಗಸ್ಟೀನರು ಹದಿನಾರು ಶತಮಾನ ಹಿಂದೆಯೇ ಬರೆದಿದ್ದಾರೆ. ಅವರ ಗೆಳೆಯ ಅಲಿಪಿಯಸ್‌ಗೆ ರೋಮಿನ ಗ್ಲ್ಯಾಡಿಯೇಟರ್ ಕಾಳಗ ಕಂಡರೆ ಹೇಸಿಗೆ. ಊಟ ಮುಗಿಸಿ ಬರುತ್ತಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕಿ ಬಲವಂತವಾಗಿ ಎಳೆದುಕೊಂಡು ಹೋದರು. ಮೈ ಅಲ್ಲಿರುತ್ತದೆ, ಕಣ್ಣು ಮುಚ್ಚಿಕೊಂಡಿರುತ್ತೇನೆ ಅಂದ. ಮುಚ್ಚಿಕೊಂಡೇ ಕೂತ. ಒಬ್ಬ ಬಿದ್ದ, ಜನ ಹೋ ಎಂದರು. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲವಲ್ಲ. ತೆರೆದು ನೋಡಿದ, ಆಮೇಲೆ ಮುಚ್ಚಲಾಗಲಿಲ್ಲ. ಮುಂದೆ ತಾನೇ ಬೇರೆಯವರನ್ನು ಕರೆದುಕೊಂಡು ಹೋಗುವಷ್ಟು ಹುಚ್ಚು ಹಿಡಿಯಿತು. ಈ ಅಲಿಪಿಯಸ್ ಕೊನೆಗೆ ಬಿಷಪ್ ಆದ, ಅದು ಬೇರೆ ಕತೆ. 'ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ, ಅವನು ನೋಡ್ತಿದ್ದ' ಅನ್ನುವ ಹುಡುಗರಿಗೆ ನಾನು ಇವನನ್ನು ಪರಿಚಯ ಮಾಡಿಸುತ್ತೇನೆ.

ಹಾಗಾದರೆ ಕಟ್ಟುನಿಟ್ಟಾದ ಸೆನ್ಸಾರ್ ಬೇಕು ಅಂತೀರಾ?

ಒಮ್ಮೆ ನಮ್ಮವರೇ ಅದನ್ನು ಮಾಡಿ ನೋಡಿದ್ದಾರೆ. ಹಾಲಿವುಡ್‌ಗೆ 1930ರಲ್ಲಿ ಬಂದ ನೀತಿಸಂಹಿತೆಯನ್ನು ಬರೆಯುವುದರಲ್ಲಿ ಡೇನಿಯಲ್ ಲಾರ್ಡ್ ಎಂಬ ಯೇಸುಸಭೆಯ ಪಾದ್ರಿ, ಮಾರ್ಟಿನ್ ಕ್ವಿಗ್ಲಿ ಎಂಬ ಕಥೋಲಿಕ ಪ್ರಕಾಶಕ ಇಬ್ಬರದೂ ದೊಡ್ಡ ಪಾಲು. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. ಅದೇ ಹೊತ್ತಿಗೆ ಅಮೆರಿಕದ ಕಥೋಲಿಕರು ಕೆಟ್ಟ ಸಿನಿಮಾ ನೋಡುವುದಿಲ್ಲ ಎಂದು ಚರ್ಚುಗಳಲ್ಲಿ ಎದ್ದು ನಿಂತು ಪ್ರಮಾಣ ಮಾಡಿದರು. 1968ರ ಹೊತ್ತಿಗೆ ಸಂಹಿತೆ ಹೋಗಿ ವಯಸ್ಸಿನ ಗುರುತುಗಳು ಬಂದವು.

ಆ ಸಂಹಿತೆಯಲ್ಲಿ ಒಳ್ಳೆಯದೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲೇ ಒಂದು ಕಲಮು, ಬಿಳಿಯರು ಕರಿಯರ ನಡುವಿನ ದೇಹಸಂಬಂಧ ತೋರಿಸಬಾರದು ಎಂದು. ಮೈ ಮುಚ್ಚುವುದನ್ನು ಅಷ್ಟು ಜಾಗ್ರತೆಯಿಂದ ನೋಡಿಕೊಂಡ ಪುಸ್ತಕ ಒಂದು ಇಡೀ ಜನಾಂಗದ ಮಾನ ತೆಗೆಯಿತು. ನಿಯಮ ಮಾಡುವವರು ತಮ್ಮ ಕಣ್ಣಿನ ಪೊರೆಯನ್ನೂ ನಿಯಮದಲ್ಲಿ ಸೇರಿಸಿಬಿಡುತ್ತಾರೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನಟಿಯರು ತಾವಾಗಿ ಒಪ್ಪಿ, ದುಡ್ಡು ತಗೊಂಡು ಮಾಡುತ್ತಾರೆ. ನಮಗೇನು?

ಕೆಲವರು ಮನಸ್ಸಿನಿಂದ ಒಪ್ಪಿರಬಹುದು. ಎಲ್ಲರಿಗೂ ಬೇಡ ಅನ್ನುವ ಶಕ್ತಿ ಇರುತ್ತದೆಯೇ ಅನ್ನುವುದು ನನ್ನ ಪ್ರಶ್ನೆ.

ಎಸ್ತೇರಳ ಗ್ರಂಥ ಶುರುವಾಗುವುದೇ ಇಲ್ಲಿಂದ. ಅಹಷ್ವೇರೋಷ ರಾಜ ನೂರ ಎಂಬತ್ತು ದಿನ ತನ್ನ ಸಂಪತ್ತು ತೋರಿಸಿ, ಆಮೇಲೆ ಏಳು ದಿನ ಊಟ ಹಾಕಿ, ಕೊನೆಯ ದಿನ ಅಮಲಿನಲ್ಲಿ ವಷ್ಟಿ ರಾಣಿಯನ್ನು ಕಿರೀಟ ಹಾಕಿಸಿ ಕರೆತನ್ನಿ, ನೆಂಟರು ಅವಳ ಚೆಲುವು ನೋಡಲಿ ಅನ್ನುತ್ತಾನೆ. ಅವಳು ಬರುವುದಿಲ್ಲ ಅನ್ನುತ್ತಾಳೆ. ಪಟ್ಟ ಹೋಯಿತು. ರಾಣಿಗೇ ಹೀಗಾದರೆ ಜೂನಿಯರ್ ಆರ್ಟಿಸ್ಟ್ ಗತಿ ಏನು?

ಕೇರಳದಲ್ಲಿ ನಿವೃತ್ತ ನ್ಯಾಯಮೂರ್ತಿ ಹೇಮಾ ಅವರ ಸಮಿತಿ ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿ ವಿಚಾರಿಸಿ 2019ರ ಕೊನೆಗೆ ವರದಿ ಕೊಟ್ಟಿತು. ಅದು ಹೊರಗೆ ಬಂದದ್ದು 2024ರ ಆಗಸ್ಟಿನಲ್ಲಿ. ಲೈಂಗಿಕ ಕಿರುಕುಳದ ಭಾಗ ಎಲ್ಲರಿಗೂ ನೆನಪಿದೆ. ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು. ಶೂಟಿಂಗ್ ಜಾಗದಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಮರೆಯಾದ ಜಾಗ ಇಲ್ಲ. ಪರದೆಯ ಮೇಲೆ ನಾಯಕಿಯ ಸೆರಗು ಎಲ್ಲಿತ್ತು ಅಂತ ನಾವು ಜಗಳ ಆಡುತ್ತಿರುವಾಗ ಪರದೆಯ ಹಿಂದೆ ಹೆಂಗಸರು ಬಾತ್‌ರೂಮಿಗೆ ಹೋಗಬೇಕಾಗುತ್ತದಲ್ಲ ಎಂದು ನೀರು ಕುಡಿಯದೆ ಕೂತಿದ್ದರು. ಅದೇ ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗದ ಕೆಲವರೂ ಇಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು.

ನಮಗೇನು ಅಂದಿರಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಮೂಹ ಮಾಧ್ಯಮಗಳ ಬಗ್ಗೆ ಒಂದು ಪತ್ರ ಹೊರಡಿಸಿತು. ಅದರಲ್ಲಿ ನೋಡುಗರಿಗೂ ಒಂದು ಮಾತಿದೆ: ಬರೀ ಲಾಭಕ್ಕಾಗಿ ಕೆಟ್ಟದ್ದು ತಯಾರಿಸುವವರಿಗೆ ನಿಮ್ಮ ಟಿಕೆಟ್ಟೇ ಬಹುಮಾನ ಆಗಬಾರದು ಎಂಬರ್ಥದ್ದು. ಈಗ ಟಿಕೆಟ್ ಜಾಗದಲ್ಲಿ ವ್ಯೂಸ್ ಅಂತ ಓದಿಕೊಳ್ಳಿ.

ಈ ನಾಚಿಕೆ, ಮರ್ಯಾದೆ ಎಲ್ಲ ಮಿಶನರಿಗಳು ತಂದದ್ದು ಅಂತಾರಲ್ಲ?

ಅರ್ಧ ನಿಜ. ವಿಕ್ಟೋರಿಯಾ ಕಾಲದ ಮಡಿವಂತಿಕೆಯನ್ನು ಅವರು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದರು. ಆದರೆ ದಕ್ಷಿಣ ತಿರುವಾಂಕೂರಿನ ಕತೆ ಕೇಳಿ. ಈಗಿನ ಕನ್ಯಾಕುಮಾರಿ ಜಿಲ್ಲೆಯ ಸೀಮೆ. ಅಲ್ಲಿ ನಾಡಾರ್ ಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಮೇಲ್ಜಾತಿಯವರ ಮುಂದೆ ಎದೆ ತೆರೆದಿಡುವುದೇ 'ಮರ್ಯಾದೆ'. 1813ರ ಸುಮಾರಿಗೆ ಕ್ರೈಸ್ತರಾದ ಹೆಂಗಸರಿಗೆ ಮೈ ಮುಚ್ಚಲು ಅಪ್ಪಣೆ ಸಿಕ್ಕಿತು, ಮೇಲಿನವರು ತಕರಾರು ತೆಗೆದಾಗ ಕುಪ್ಪಸ ಮಾತ್ರ ತೊಡಿ, ಮೇಲುಹೊದಿಕೆ ಬೇಡ ಎಂದಾಯಿತು. ಅವರು ಒಪ್ಪಲಿಲ್ಲ. ಮೇಲ್ಜಾತಿಯ ಹೆಂಗಸರು ಹೊದೆಯುವ ಹಾಗೆಯೇ ಹೊದೆಯುತ್ತೇವೆ ಅಂದರು. ಸಂತೆಯಲ್ಲಿ ಬಟ್ಟೆ ಹರಿದರು, ಗಲಭೆ ಆಯಿತು, ಚರ್ಚು ಶಾಲೆಗಳಿಗೆ ಬೆಂಕಿ ಬಿತ್ತು. 1859ರ ಜುಲೈನಲ್ಲಿ ರಾಜರ ಘೋಷಣೆ ಹೊರಟಿತು: ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿಯವರ ರೀತಿಯಲ್ಲಿ ಅಲ್ಲ!

ಆ ಹೆಂಗಸರು ನಾಚಿಕೆಗಾಗಿ ಮಾತ್ರ ಹೋರಾಡಲಿಲ್ಲ. ನನ್ನ ಮೈಯನ್ನು ಯಾರು, ಯಾವಾಗ ನೋಡಬೇಕು ಅಂತ ನಾನು ಹೇಳುತ್ತೇನೆ ಅಂದರು. ಮಾನದ ಬಗ್ಗೆ ನನಗೆ ತಿಳಿದದ್ದರಲ್ಲಿ ಮುಕ್ಕಾಲು ಪಾಲು ಅವರಿಂದ ಕಲಿತದ್ದು.

ನಮ್ಮ ಪಕ್ಕದ ಮನೆಯ ಪೆಂತೆಕೊಸ್ತ್ ಕುಟುಂಬ ಟಿವಿಯನ್ನೇ ಇಟ್ಟಿಲ್ಲ. ಅವರೇ ಸರಿಯಾ?

ಅವರಿಗೆ ಅದು ಸರಿ. ನಾನು ಹಾಗೆ ಇರಲಾರೆ. ಅವರನ್ನು ನೋಡಿ ನಗುವವರ ಜೊತೆ ಸೇರಲೂ ಆರೆ.

ಮನೆಯಲ್ಲಿ ಏನು ಮಾಡಬಹುದು?

ದೊಡ್ಡ ಯೋಜನೆ ಏನಿಲ್ಲ. ಸಿನಿಮಾಗೆ ಹೋಗುವ ಮುಂಚೆ ಸರ್ಟಿಫಿಕೇಟ್ ನೋಡಿ. ಮೊದಲಿನ ಯುಎ ಈಗ ಯುಎ 7+, 13+, 16+ ಅಂತ ಮೂರಾಗಿದೆ. 2023ರ ತಿದ್ದುಪಡಿ ಅದು. ಒಟಿಟಿಯಲ್ಲೂ ಇಂಥದೇ ಗುರುತು ಇರುತ್ತದೆ, ಪೇರೆಂಟಲ್ ಲಾಕ್ ಇರುತ್ತದೆ. ಲಾಕ್ ಹಾಕಿ, ಪಿನ್ ಮಾತ್ರ ನಿಮ್ಮ ಮದುವೆಯ ವರ್ಷ ಇಡಬೇಡಿ. ಮಕ್ಕಳಿಗೆ ಅದು ಗೊತ್ತು.

ಮುಜುಗರದ ದೃಶ್ಯ ಬಂದಾಗ ಅಪ್ಪ ಎದ್ದು ನೀರು ಕುಡಿಯಲು ಹೋಗುವುದು, ಅಮ್ಮ ರಿಮೋಟ್ ಹುಡುಕುವುದು ಎಲ್ಲ ಮನೆಯಲ್ಲೂ ಇದೆ. ಅದರ ಬದಲು ಒಂದು ಮಾತು ಆಡಿ ನೋಡಿ. 'ಆ ಹುಡುಗಿಗೆ ಈ ಸಿನಿಮಾದಲ್ಲಿ ಹೆಸರು ಏನಿತ್ತು?' ಅಂತ ನಾನು ನನ್ನ ಮಗನನ್ನು ಕೇಳಿದೆ. ಅವನಿಗೆ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಹುಡುಕಿ ನೋಡಿದರೆ ಹೆಸರೇ ಇಟ್ಟಿರಲಿಲ್ಲ.

ಪಾದ್ರಿಗಳ ಹಗರಣ ಇಷ್ಟಿರುವಾಗ ಚರ್ಚಿಗೆ ಈ ಮಾತು ಹೇಳುವ ಯೋಗ್ಯತೆ ಇದೆಯಾ?

ಈ ಪ್ರಶ್ನೆ ಕೇಳಿದ ಹುಡುಗಿಯನ್ನು ಒಬ್ಬರು ಹಿರಿಯರು ಸುಮ್ಮನಿರಿಸಲು ನೋಡಿದರು. ನಾನು ಬಿಡಲಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ, ಮುಚ್ಚಿ ಹಾಕಲಾಗಿದೆ, ಮಾನ ಹೋಗುತ್ತದೆ ಎಂದೇ ಮುಚ್ಚಿದರು. ಯಾರ ಮಾನ? ಸಂಸ್ಥೆಯದು. ಮಗುವಿನದಲ್ಲ. 2019ರ ಫೆಬ್ರುವರಿಯಲ್ಲಿ ವ್ಯಾಟಿಕನ್ನಿನಲ್ಲಿ ಇದಕ್ಕಾಗಿಯೇ ಬಿಷಪ್ಪರ ಸಭೆ ನಡೆಯಿತು, ಬೇರೆ ಬೇರೆ ದೇಶಗಳಲ್ಲಿ ದೌರ್ಜನ್ಯಕ್ಕೆ ಗುರಿಯಾದವರ ಮಾತನ್ನು ಅವರೆಲ್ಲ ಕೂತು ಕೇಳಬೇಕಾಯಿತು. ಅದಕ್ಕೆ ಎಷ್ಟು ದಶಕ ತಡವಾಯಿತು ಅನ್ನುವುದನ್ನು ನಾನು ಸಮರ್ಥಿಸುವುದಿಲ್ಲ. ಸಿನಿಮಾದವರಿಗೆ ಬೆರಳು ತೋರಿಸುವ ಮೊದಲು ಈ ಮಾತು ಕ್ಲಾಸಿನಲ್ಲಿ ಆಡಲೇಬೇಕು.

ಈ ಸಲದ ಹಬ್ಬಕ್ಕೆ ಯಾವ ಹಾಡು ಹಾಕಬಹುದು, ಮಿಸ್?

ನಮ್ಮ ಈಗಿನ ಚರ್ಚಿನಲ್ಲಿ ಹಾಡಿನ ಪಟ್ಟಿಯನ್ನು ಒಂದು ವಾರ ಮುಂಚೆ ಕಮಿಟಿಗೆ ಕೊಡಬೇಕು. ಸಿನಿಮಾ ಹಾಡು ಬೇಡ ಅಂತ ಏನಿಲ್ಲ. ಕುಣಿಯುವ ಮಗು ಹಾಡಿನ ಅರ್ಥವನ್ನು ತನ್ನ ಬಾಯಲ್ಲೇ ನಮಗೆ ಹೇಳಬೇಕು, ಅಷ್ಟೇ ನಿಯಮ. ಹೋದ ತಿಂಗಳು ಮೂರು ಹಾಡು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋದವು.

ಕಿರುನಾಟಕದ್ದೇ ಇನ್ನೂ ತೀರ್ಮಾನ ಆಗಿಲ್ಲ. ಯುವಕರ ತಂಡದವರು ಕುಡುಕನ ಪಾತ್ರ ಒಂದು ಬರೆದಿದ್ದಾರೆ. ಓದಿದರೆ ನಗು ತಡೆಯಲಾಗುವುದಿಲ್ಲ, ನಾನಂತೂ ಬಿದ್ದು ಬಿದ್ದು ನಕ್ಕೆ. ಆದರೆ ಪ್ರತಿ ಭಾನುವಾರ ಎರಡನೇ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುವ ಒಬ್ಬರ ನಡಿಗೆಯನ್ನು ಆ ಪಾತ್ರ ಮಾಡುವ ಹುಡುಗ ಹಾಗೇ ನಕಲು ಮಾಡಿದ್ದಾನೆ. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ. ಬುಧವಾರ ಕಮಿಟಿ ಮತ್ತೆ ಸೇರುತ್ತದೆ.